ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ: ಗಡಿಭಾಗದ ಹಿರಿಯರ ದೀರ್ಘಾವಧಿ ಆರೈಕೆ

ಅಕ್ಕಲಕೋಟ ತಾಲೂಕಿನ ಯಾವುದಾದರೊಂದು ಕನ್ನಡ ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. 72 ವರ್ಷದ ಅಜ್ಜಿಗೆ ಒಂದು ಮುಂಜಾನೆ ಲಕ್ವಾ ಹೊಡೆಯುತ್ತದೆ. ಮನೆಯವರು ಸಿಕ್ಕ ವಾಹನ ಮಾಡಿಕೊಂಡು ಸೊಲ್ಲಾಪುರಕ್ಕೆ ಧಾವಿಸಿ ಆಸ್ಪತ್ರೆಗೆ ಸೇರಿಸುತ್ತಾರೆ. ಆಯುಷ್ಮಾನ್ ಕಾರ್ಡು ಮಾಡಿಸಿದ್ದರಿಂದ ಚಿಕಿತ್ಸೆಯ ವೆಚ್ಚದ ಭಾರ ಹಗುರವಾಗುತ್ತದೆ. ಹತ್ತು ದಿನಗಳಾದ ಮೇಲೆ, ಜೀವ ಉಳಿಯಿತೆಂಬ ಸಮಾಧಾನದಿಂದ ಆಕೆಯನ್ನು ಮನೆಗೆ ಕರೆತರುತ್ತಾರೆ. ಬಲಗೈ ಬಲಗಾಲುಗಳು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ, ಒಬ್ಬರು ಹಿಡಿದುಕೊಳ್ಳದೆ ಎದ್ದು ಕೂರಲಾಗದು. ಮಗ ಪುಣೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ನಾಲ್ಕು ದಿನ ರಜೆ ಹಾಕಿ ಬಂದವನು ಐದನೆಯ ದಿನ ಹೊರಟುಹೋಗಲೇಬೇಕು. ಮನೆಯಲ್ಲಿ ಉಳಿಯುವವಳು ಸೊಸೆ. ಆಕೆಯೂ ನಿನ್ನೆಯವರೆಗೆ ಕೂಲಿಗೆ ಹೋಗುತ್ತಿದ್ದವಳು.

ಇದು ಕಲ್ಪಿಸಿಕೊಂಡ ಮನೆ. ಆದರೂ ನಮ್ಮ ವಿಭಾಗದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದು ಪರಿಚಿತವಾಗಿ ಕಂಡರೆ ಆಶ್ಚರ್ಯವಿಲ್ಲ. ಚಿಕಿತ್ಸೆ ಮುಗಿದ ದಿನದಿಂದ ಆರಂಭವಾಗಿ ತಿಂಗಳುಗಳ, ಎಷ್ಟೋ ಸಲ ವರ್ಷಗಳ ಕಾಲ ನಡೆಯುವ ಈ ಸೇವೆಯನ್ನೇ ದೀರ್ಘಾವಧಿ ಆರೈಕೆ ಎನ್ನುತ್ತೇವೆ. ಅದು ಬಡವರಿಗೂ ಕೈಗೆಟಕುವಂತಾಗುವುದು ಹೇಗೆ, ಈಗ ಏನೇನು ಸೌಲಭ್ಯಗಳಿವೆ, ಎಲ್ಲಿ ಕೊರತೆಯಿದೆ, ಭಾಷೆ ಓದುವ ನಮಗೆ ಅದರಲ್ಲಿ ಏನು ಕೆಲಸವಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಚಿಕಿತ್ಸೆ ಬೇರೆ, ಆರೈಕೆ ಬೇರೆ

‘ಆರೈಕೆ’ ಎಂಬ ಪದದ ಮೂಲದಲ್ಲಿರುವುದು ‘ಆರಯ್’ ಎಂಬ ಹಳಗನ್ನಡ ಧಾತು. ವಿಚಾರಿಸು, ಹುಡುಕಿ ನೋಡು, ಪೋಷಿಸು ಎಂಬ ಅರ್ಥಗಳು ಅದಕ್ಕಿವೆ. ಕನ್ನಡ ಮರಾಠಿಗಳೆರಡೂ ಸಂಸ್ಕೃತದಿಂದ ಪಡೆದ ‘ಶುಶ್ರೂಷೆ’ ಎಂಬ ಪದ ‘ಶ್ರು’ ಧಾತುವಿನಿಂದ ಬಂದದ್ದು. ಅದರ ಮೊದಲ ಅರ್ಥ ‘ಕೇಳುವ ಇಚ್ಛೆ’. ವಿಚಾರಿಸಿ ನೋಡುವುದು ಮತ್ತು ಕೇಳಲು ಬಯಸುವುದು, ಈ ಎರಡು ಅರ್ಥಗಳು ಮುಂದಿನ ವಿಚಾರಕ್ಕೆ ಬೇಕಾಗುತ್ತವೆ.

ಚಿಕಿತ್ಸೆಯ ಗುರಿ ರೋಗವನ್ನು ಗುಣಪಡಿಸುವುದು. ಆರೈಕೆಯ ಗುರಿ, ಗುಣವಾಗದೆ ಉಳಿದ ಅಶಕ್ತತೆಯೊಂದಿಗೆ ಮನುಷ್ಯ ಮರ್ಯಾದೆಯಿಂದ ಬದುಕುವಂತೆ ಮಾಡುವುದು. ಸ್ನಾನ, ಬಟ್ಟೆ ತೊಡುವುದು, ಊಟ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ನಿಯಂತ್ರಣ, ಇವೇ ದಿನನಿತ್ಯದ ಮೂಲ ಕ್ರಿಯೆಗಳು. ಇವುಗಳಲ್ಲಿ ಒಂದೆರಡಕ್ಕಾದರೂ ಇನ್ನೊಬ್ಬರ ಕೈ ಬೇಕಾದಾಗ ದೀರ್ಘಾವಧಿ ಆರೈಕೆಯ ಅಗತ್ಯ ಹುಟ್ಟುತ್ತದೆ. ಲಕ್ವಾ, ಬಿದ್ದು ಮುರಿದ ಸೊಂಟದ ಮೂಳೆ, ಸಕ್ಕರೆ ಕಾಯಿಲೆಯಿಂದ ಕಳೆದುಕೊಂಡ ಕಾಲು ಅಥವಾ ದೃಷ್ಟಿ, ಮರೆವಿನ ಕಾಯಿಲೆ, ಕೊನೆಯ ಹಂತದ ಕ್ಯಾನ್ಸರ್, ಇವು ಅದರ ಸಾಮಾನ್ಯ ಕಾರಣಗಳು. 2011ರ ಜನಗಣತಿಯಂತೆಯೇ ಭಾರತದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಆಯುಷ್ಯ ಹೆಚ್ಚಿದಂತೆ, ಈ ಸ್ಥಿತಿಯಲ್ಲಿ ಕಳೆಯುವ ವರ್ಷಗಳೂ ಹೆಚ್ಚುತ್ತವೆ.

ಆರೈಕೆಗೆ ಪ್ರೀತಿಯೊಂದಿದ್ದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿದೆ. ಅದು ಅರ್ಧಸತ್ಯ. ಮಲಗಿದಲ್ಲಿಯೇ ಇರುವವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹಾಸಿಗೆಹುಣ್ಣು ಬೀಳುತ್ತದೆ; ಬಿದ್ದ ಹುಣ್ಣು ಮಾಯುವುದು ಬಹು ಕಷ್ಟ. ನುಂಗಲು ತೊಂದರೆಯಿರುವವರಿಗೆ ಮಲಗಿದಂತೆಯೇ ಅಂಬಲಿಯನ್ನೋ ಚಹವನ್ನೋ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು; ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಿ, ಸ್ವಲ್ಪಸ್ವಲ್ಪವಾಗಿ ಉಣಿಸಬೇಕು. ಲಕ್ವಾದ ನಂತರದ ಮೊದಲ ಕೆಲವು ತಿಂಗಳುಗಳಲ್ಲಿ ಅಂಗಗಳಿಗೆ ಸರಿಯಾದ ವ್ಯಾಯಾಮ ದೊರೆತರೆ ಎಷ್ಟೋ ಜನ ಮತ್ತೆ ತಾವಾಗಿಯೇ ಎದ್ದು ನಡೆಯುತ್ತಾರೆ. ದೊರೆಯದಿದ್ದರೆ ಕೈಕಾಲು ಸೆಟೆದುಕೊಳ್ಳುತ್ತವೆ. ಇದನ್ನೆಲ್ಲ ಯಾರಾದರೂ ಕಲಿಸಬೇಕು. ನಮ್ಮ ಸೊಸೆಗೆ ಕಲಿಸಿದವರು ಯಾರು?

ಇರುವ ಸೌಲಭ್ಯಗಳು ಮತ್ತು ಅವುಗಳ ನಡುವಿನ ಬಿರುಕು

ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗ ಹಿರಿಯರಿಗೆ ದೊರೆಯುವ ಸಹಾಯ ಮುಖ್ಯವಾಗಿ ಮೂರು ಬಗೆಯದು.

ಮೊದಲನೆಯದು ಮಾಸಾಶನ. 65 ದಾಟಿದ ಬಡ ಹಿರಿಯರಿಗೆ ಶ್ರಾವಣಬಾಳ ಸೇವಾ ರಾಜ್ಯ ನಿವೃತ್ತಿವೇತನ ಯೋಜನೆಯಿದೆ. ನಮ್ಮ ಹಳ್ಳಿಗಳಲ್ಲಿ ಜನ ಇದನ್ನು ‘ಪಗಾರ’ ಎಂದೇ ಕರೆಯುತ್ತಾರೆ. 2023ರಲ್ಲಿ ಇದನ್ನು ತಿಂಗಳಿಗೆ 1,000 ರೂಪಾಯಿಯಿಂದ 1,500ಕ್ಕೆ ಏರಿಸಲಾಯಿತು. ಕುಟುಂಬದ ವಾರ್ಷಿಕ ಉತ್ಪನ್ನ 21,000 ರೂಪಾಯಿಯೊಳಗಿರಬೇಕು ಅಥವಾ ಹೆಸರು ದಾರಿದ್ರ್ಯರೇಖೆಯ ಕೆಳಗಿನವರ ಯಾದಿಯಲ್ಲಿರಬೇಕು. 21,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,750. ಇಬ್ಬರು ಕೂಲಿಗೆ ಹೋಗುವ ಮನೆ ಈ ಮಿತಿಯೊಳಗೆ ಉಳಿಯುವುದು ಹೇಗೆಂದು ಯಾರಾದರೂ ಕೇಳಬಹುದು. ದೊರೆತರೂ 1,500 ರೂಪಾಯಿ ಎಂದರೆ ದಿನಕ್ಕೆ 50. ಮಲಗಿದವರ ಒಂದು ದಿನದ ಡೈಪರುಗಳಿಗೇ ಅದು ಸಾಲದು. ಇದಲ್ಲದೆ, 2024ರಲ್ಲಿ ಆರಂಭವಾದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ 65 ದಾಟಿದವರಿಗೆ ಊರುಗೋಲು, ಕನ್ನಡಕ, ಶ್ರವಣಯಂತ್ರ, ಕಮೋಡ್ ಕುರ್ಚಿ ಮೊದಲಾದ ಸಾಧನಗಳಿಗಾಗಿ ಒಮ್ಮೆ 3,000 ರೂಪಾಯಿ ದೊರೆಯುತ್ತದೆ.

ಎರಡನೆಯದು ಆಸ್ಪತ್ರೆಯ ವೆಚ್ಚ. 2024ರ ಅಕ್ಟೋಬರ್ 29ರಿಂದ 70 ದಾಟಿದ ಎಲ್ಲರಿಗೂ, ಉತ್ಪನ್ನವೆಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ರಕ್ಷಣೆಯಿದೆ. ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ರಕ್ಷಣೆ ಒಳರೋಗಿಯಾಗಿ ದಾಖಲಾದವರಿಗೆ. ಆಸ್ಪತ್ರೆಯಿಂದ ಹೊರಬಂದ ಮೇಲೆ 15 ದಿನಗಳ ಔಷಧ ಮತ್ತು ತಪಾಸಣೆಗಳಷ್ಟೇ ಅದರಲ್ಲಿ ಸೇರಿವೆ. ನಮ್ಮ ಅಜ್ಜಿಯ ಆರೈಕೆ ಹದಿನಾರನೆಯ ದಿನಕ್ಕೆ ಮುಗಿಯುವುದಿಲ್ಲ. ನಿಜವಾಗಿ ನೋಡಿದರೆ ಆರಂಭವಾಗುವುದೇ ಆಗ.

ಮೂರನೆಯದು ಕಾನೂನಿನ ಆಸರೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ, 2007ರಂತೆ, ತಮ್ಮನ್ನು ತಾವು ಸಲಹಿಕೊಳ್ಳಲಾಗದ ಹಿರಿಯರು ಮಕ್ಕಳಿಂದ ಪೋಷಣೆ ಕೇಳಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಬಂಧುಗಳಿಂದ ಕೇಳಬಹುದು. ಉಪವಿಭಾಗಾಧಿಕಾರಿ, ಅಂದರೆ ನಮ್ಮಲ್ಲಿ ‘ಪ್ರಾಂತ’ ಎಂದು ಕರೆಯಲಾಗುವ ಅಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದವರ ಅಧ್ಯಕ್ಷತೆಯ ನ್ಯಾಯಾಧಿಕರಣಕ್ಕೆ ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು. ತಾವೇ ಹೋಗಲಾಗದವರ ಪರವಾಗಿ ಅವರು ಒಪ್ಪಿಗೆಯಿತ್ತ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು. ನೋಟೀಸು ತಲುಪಿದ 90 ದಿನಗಳೊಳಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನಗಳೊಳಗೆ, ಅದು ಇತ್ಯರ್ಥವಾಗಬೇಕು. ತಿಂಗಳಿಗೆ 10,000 ರೂಪಾಯಿಗಳವರೆಗೆ ಪೋಷಣೆ ವಿಧಿಸಬಹುದು. ಹಿರಿಯರನ್ನು ಬಿಟ್ಟುಬಿಡುವ ಉದ್ದೇಶದಿಂದ ಎಲ್ಲಿಯಾದರೂ ತೊರೆದುಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು.

ಇದರ 23ನೆಯ ಕಲಮು ನಮ್ಮ ರೈತ ಕುಟುಂಬಗಳು ಅಗತ್ಯವಾಗಿ ತಿಳಿದಿರಬೇಕಾದದ್ದು. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಹೊಲ ಮನೆಗಳನ್ನು ಬಕ್ಷೀಸಾಗಿ ಬರೆದುಕೊಟ್ಟ ಹಿರಿಯರನ್ನು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದುಗೊಳಿಸುವ ಅಧಿಕಾರ ನ್ಯಾಯಾಧಿಕರಣಕ್ಕಿದೆ. ಬಕ್ಷೀಸ್ ಪತ್ರದಲ್ಲಿ ಆ ಷರತ್ತನ್ನು ಸ್ಪಷ್ಟವಾಗಿ ಬರೆಯಿಸುವುದು ಜಾಣತನ. ‘ಮಗನೇ ಅಲ್ಲವೇ’ ಎಂಬ ಸಂಕೋಚದಿಂದ ಬಿಟ್ಟುಹೋದ ಆ ಒಂದು ವಾಕ್ಯಕ್ಕಾಗಿ ಮುಂದೆ ವರ್ಷಗಟ್ಟಲೆ ವಾದಿಸಬೇಕಾಗಬಹುದು.

ಆದರೆ ಕಾನೂನಿನ ಇನ್ನೊಂದು ಮುಖವನ್ನೂ ನೋಡಬೇಕು. 2007ರ ಕಾಯಿದೆಯಲ್ಲಿ ‘ಮಕ್ಕಳು’ ಎಂಬ ಪದದ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ, ಸೊಸೆಯ ಹೆಸರಿಲ್ಲ. ನಿತ್ಯವೂ ಹಾಸಿಗೆ ಬದಲಿಸುವ, ಉಣಿಸುವ, ರಾತ್ರಿ ಎರಡು ಸಲ ಏಳುವ ವ್ಯಕ್ತಿ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಆಕೆ ಬಿಟ್ಟ ಕೂಲಿ ಯಾವ ಲೆಕ್ಕದಲ್ಲಿಯೂ ಇಲ್ಲ. ನ್ಯಾಯಾಧಿಕರಣ ಹಣ ಕೊಡಿಸಬಲ್ಲದು, ಕೈಗಳನ್ನು ಕೊಡಿಸಲಾರದು. ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ಸರಕಾರ ಸ್ಥಾಪಿಸಬಹುದೆಂದು ಇದೇ ಕಾಯಿದೆ ಹೇಳುತ್ತದೆ. ಅಂಥವು ಬೇಕು, ನಿಜ. ಆದರೆ ನಮ್ಮ ಅಜ್ಜಿ ನಿರ್ಗತಿಕಳಲ್ಲ, ಯಾರೂ ಇಲ್ಲದವಳಲ್ಲ. ಆಕೆಗೆ ಬೇಕಾದದ್ದು ಮನೆ ಬಿಟ್ಟುಹೋಗುವ ವ್ಯವಸ್ಥೆಯಲ್ಲ, ಮನೆಗೆ ಬರುವ ವ್ಯವಸ್ಥೆ. 75 ದಾಟಿದವರಿಗೆ ಎಸ್.ಟಿ. ಬಸ್ಸು ಉಚಿತವಾಗಿದೆ, ಬಸ್ ನಿಲ್ದಾಣದವರೆಗೆ ಹೋಗಲಾರದವರಿಗೆ ಏನು ಎಂಬುದೇ ಇಲ್ಲಿಯ ಪ್ರಶ್ನೆ.

ಎರಡು ಗಡಿಗಳ ಉದಾಹರಣೆ

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮಂತೆಯೇ ಕರ್ನಾಟಕದ ಹೊರಗೆ ತಲೆತಲಾಂತರದಿಂದ ನೆಲೆಸಿದ ಕನ್ನಡಿಗರಿರುವ ಇನ್ನೆರಡು ಗಡಿಭಾಗಗಳಲ್ಲಿಯೇ ಅದರ ಸುಳಿವಿದೆ.

ಮೊದಲನೆಯದು ಕಾಸರಗೋಡು ಸೇರಿರುವ ಕೇರಳ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ನೋವುಶಮನ ಮತ್ತು ಉಪಶಾಮಕ ಆರೈಕೆಯ ಒಂದು ಸಂಘ ಆರಂಭವಾಯಿತು. ಅದರಿಂದ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯ ಸ್ವಯಂಸೇವಕರ ಜಾಲ ಬೆಳೆಯಿತು. ವಾರಕ್ಕೆ ಕೆಲವು ತಾಸುಗಳನ್ನು ಕೊಡಬಲ್ಲ ಸಾಮಾನ್ಯ ಜನ ತರಬೇತಿ ಪಡೆದು ತಮ್ಮ ಓಣಿಯ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಇದನ್ನು ರಾಜ್ಯನೀತಿಯಾಗಿ ಸ್ವೀಕರಿಸಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ಅದು. ಅಲ್ಲಿ ಗ್ರಾಮ ಪಂಚಾಯತಿಯೇ ತನ್ನ ಯೋಜನಾ ನಿಧಿಯಿಂದ ಹಣ ತೆಗೆದಿಡುತ್ತದೆ. ತರಬೇತಿ ಪಡೆದ ನರ್ಸು ಆಶಾ ಕಾರ್ಯಕರ್ತೆಯೊಡನೆ ವಾಹನದಲ್ಲಿ ಮನೆಮನೆಗೆ ಹೋಗಿ ಹುಣ್ಣು ತೊಳೆಯುವುದು, ಮೂತ್ರನಳಿಕೆ ಬದಲಿಸುವುದು, ಮನೆಯವರಿಗೆ ಕಲಿಸಿಕೊಡುವುದು ಮೊದಲಾದ ಕೆಲಸ ಮಾಡುತ್ತಾಳೆ. ಕ್ಯಾನ್ಸರ್ ರೋಗಿಗಳಿಗೆ ಮಾತ್ರವಲ್ಲದೆ ಹಾಸಿಗೆ ಹಿಡಿದ ವೃದ್ಧರಿಗೂ ಇದು ದೊರೆಯುತ್ತದೆ. ಹಾಸಿಗೆ ಹಿಡಿದವರನ್ನು ಪೂರ್ಣಾವಧಿ ನೋಡಿಕೊಳ್ಳುವವರಿಗಾಗಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಡಿ ತಿಂಗಳಿಗೆ 600 ರೂಪಾಯಿಯನ್ನು ಗೊತ್ತುಪಡಿಸಲಾಯಿತು. ಮೊತ್ತ ಅಲ್ಪವೇ ಸರಿ. ಆದರೆ ಆರೈಕೆ ಮಾಡುವವಳೂ ದುಡಿಯುತ್ತಿದ್ದಾಳೆಂಬ ಮಾತು ಅಲ್ಲಿ ಸರಕಾರಿ ಕಾಗದದ ಮೇಲೆ ಬಂದಿತು.

ಎರಡನೆಯದು ಹೊಸೂರು ಸೇರಿರುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. 2021ರ ಆಗಸ್ಟ್ 5ರಂದು ತಮಿಳುನಾಡು ಸರಕಾರ ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ‘ಜನರನ್ನು ಅರಸಿ ಬರುವ ವೈದ್ಯ’ ಎಂಬ ಯೋಜನೆಯನ್ನು ಆರಂಭಿಸಿದ್ದು ಇದೇ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿ. ಸ್ವಸಹಾಯ ಗುಂಪಿನ ಮಹಿಳೆಯರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಗುಳಿಗೆಗಳನ್ನು ಮನೆಗೇ ತಲುಪಿಸುತ್ತಾರೆ. ಉಪಶಾಮಕ ಆರೈಕೆಯ ನರ್ಸು ಮತ್ತು ಫಿಜಿಯೋಥೆರಪಿಸ್ಟರು ಏಳಲಾರದವರ ಮನೆಗೆ ಬರುತ್ತಾರೆ. ಲಕ್ವಾಕ್ಕೆ ಕಾರಣವಾಗುವ ರಕ್ತದೊತ್ತಡವನ್ನು ತಡೆಯುವುದೂ, ಲಕ್ವಾ ಆದವರಿಗೆ ವ್ಯಾಯಾಮ ಮಾಡಿಸುವುದೂ ಒಂದೇ ಯೋಜನೆಯ ಎರಡು ಕೈಗಳಾಗಿವೆ.

ಈ ಎರಡರ ಅರ್ಥಶಾಸ್ತ್ರ ಸರಳವಾದದ್ದು. ಒಂದೊಂದು ಮನೆಯೂ ಒಬ್ಬ ನರ್ಸನ್ನು ಇಟ್ಟುಕೊಳ್ಳಲಾರದು. ಒಂದು ಪಂಚಾಯತಿ ಒಬ್ಬಳನ್ನು ಇಟ್ಟುಕೊಳ್ಳಬಲ್ಲದು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ್ದನ್ನು ನಾವು ಪಾಠದಲ್ಲಿ ಓದುತ್ತೇವೆ. ನೀರಡಿಕೆ ಆಯಾ ಮನೆಯ ಕಷ್ಟವೆಂದು ಬಿಟ್ಟಿದ್ದರೆ ಬಾವಿ ತೋಡಬಲ್ಲ ಶ್ರೀಮಂತರಷ್ಟೇ ನೀರು ಕುಡಿಯುತ್ತಿದ್ದರು. ಆರೈಕೆಯನ್ನೂ ಕೆರೆಯಂತೆ ಊರೊಟ್ಟಿನ ಕೆಲಸವೆಂದು ಕಂಡಾಗ ಮಾತ್ರ ಅದು ಬಡವರಿಗೆ ಎಟಕುತ್ತದೆ.

ನಮ್ಮಲ್ಲಿ ಇದಕ್ಕೆ ನೆಲೆಯೇ ಇಲ್ಲವೆಂದಲ್ಲ. ಹಳ್ಳಿಗಳ ಆರೋಗ್ಯ ಉಪಕೇಂದ್ರಗಳನ್ನು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಬೆಳೆಸುವ ಕೇಂದ್ರ ಯೋಜನೆಯಲ್ಲಿ ಹನ್ನೆರಡು ಬಗೆಯ ಸೇವೆಗಳನ್ನು ಹೇಳಲಾಗಿದೆ. ವೃದ್ಧರ ಮತ್ತು ಉಪಶಾಮಕ ಆರೈಕೆ ಅವುಗಳಲ್ಲೊಂದು. ಕಾಗದದ ಮೇಲಿರುವ ಈ ಸೇವೆಯನ್ನು ಗ್ರಾಮಸಭೆಯಲ್ಲಿ ಕೇಳುವವರು ಬೇಕು.

ಭಾಷೆಯೆಂಬ ಮೊದಲ ಬಾಗಿಲು

ಇಲ್ಲಿಯೇ ಕನ್ನಡ ವಿಭಾಗದ ಕೆಲಸ ಆರಂಭವಾಗುತ್ತದೆ.

ಮಾಸಾಶನದ ಅರ್ಜಿ ಮರಾಠಿಯಲ್ಲಿದೆ. ಉತ್ಪನ್ನದ ದಾಖಲೆ, ರಹಿವಾಸಿ ದಾಖಲೆ, ವಯಸ್ಸಿನ ಪುರಾವೆ ಎಲ್ಲವೂ ಒಂದೇ ಹೆಸರಿನಲ್ಲಿರಬೇಕು. ನಮ್ಮ ಹಿರಿಯರ ಹೆಸರುಗಳಾದರೋ ಎರಡು ಭಾಷೆಗಳ ನಡುವೆ ಹಂಚಿಹೋಗಿವೆ: ಮನೆಯಲ್ಲಿ ಗಂಗವ್ವ, ಆಧಾರದಲ್ಲಿ ಗಂಗಾಬಾಯಿ, ರೇಶನ್ ಕಾರ್ಡಿನಲ್ಲಿ ಗಂಗುಬಾಯಿ. ಮೂವರೂ ಒಬ್ಬಳೇ ಎಂದು ಸಾಬೀತುಪಡಿಸುವುದರಲ್ಲಿ ಎಷ್ಟೋ ತಿಂಗಳು ಕಳೆದುಹೋಗುತ್ತವೆ. ಬದುಕಿರುವುದಕ್ಕೆ ಪ್ರತಿ ವರ್ಷ ‘ಹಯಾತಿ’ಯ ದಾಖಲೆ ಕೊಡಬೇಕೆಂಬುದನ್ನು ಓದಿ ಹೇಳುವವರಿಲ್ಲದೆ, ದೊರೆಯುತ್ತಿದ್ದ ಪಗಾರವೂ ನಿಂತುಹೋಗುತ್ತದೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನನ್ನಂಥವರಿಗೆ ಈ ಕಾಗದ ಐದು ನಿಮಿಷದ ಓದು. ಒಂದನ್ನೂ ಓದಲಾರದ ಮುದುಕಿಗೆ ಅದೇ ದೊಡ್ಡ ಗೋಡೆ.

ಕಾಗದಕ್ಕಿಂತ ಆಳವಾದದ್ದು ನೋವಿನ ಭಾಷೆ. ‘ಎದಿ ಹಿಡದಂಗ ಆಗೇತಿ’, ‘ಕಣ್ಣಿಗೆ ಕತ್ತಲಿ ಬರತೈತಿ’, ‘ಜೀವಕ್ಕ ಕಸಿವಿಸಿ’ ಎಂಬ ಮಾತುಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ವೈದ್ಯಕೀಯ ಅರ್ಥವಿರಬಹುದು. ಮರಾಠಿ ಮಾತ್ರ ಬಲ್ಲ ನರ್ಸಿಗೆ ಮೂರೂ ಒಂದೇ ಆಗಿ ಕೇಳಿದರೆ ತಪ್ಪು ಅವಳದಲ್ಲ. ಇನ್ನು ಡಿಮೆನ್ಶಿಯಾ ಎಂದು ವೈದ್ಯರು ಕರೆಯುವ ಮರೆವಿನ ಕಾಯಿಲೆಯಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಅನೇಕರು ನಂತರ ಕಲಿತ ಭಾಷೆಯಿಂದ ಮೆಲ್ಲಗೆ ಸರಿದು ತಾಯ್ನುಡಿಗೆ ಮರಳುವುದು ಕಂಡುಬಂದಿದೆ. ಜೀವಮಾನವಿಡೀ ಪೇಟೆಯಲ್ಲಿ ನಿರರ್ಗಳವಾಗಿ ಮರಾಠಿ ಮಾತನಾಡಿದ ವ್ಯಾಪಾರಿಯೊಬ್ಬ ಮುಪ್ಪಿನಲ್ಲಿ ನೀರನ್ನು ಕನ್ನಡದಲ್ಲಷ್ಟೇ ಬೇಡಬಹುದು. ಪಟ್ಟಣದಲ್ಲಿ ಮರಾಠಿಯಲ್ಲಿಯೇ ಬೆಳೆದ ಆತನ ಮೊಮ್ಮಕ್ಕಳಿಗೆ ಆ ಬೇಡಿಕೆ ಅರ್ಥವಾಗದೆ ಹೋಗಬಹುದು. ಶುಶ್ರೂಷೆ ಎಂದರೆ ಕೇಳುವ ಇಚ್ಛೆ ಎಂದೆವಷ್ಟೆ. ಇಚ್ಛೆಯಿದ್ದೂ ಕೇಳಲಾಗದ ಸ್ಥಿತಿ ಇದು. ಗಡಿಭಾಗದಲ್ಲಿ ಮುಂದಿನ ಪೀಳಿಗೆಗೆ ಕನ್ನಡ ಏಕೆ ಬೇಕು ಎಂಬ ಪ್ರಶ್ನೆಗೆ ಸಾಹಿತ್ಯ, ಪರಂಪರೆ, ಅಭಿಮಾನ ಎಂದು ನಾವು ಉತ್ತರಿಸುತ್ತ ಬಂದಿದ್ದೇವೆ. ಅಜ್ಜ ಕೇಳಿದ ನೀರನ್ನು ಕೊಡುವುದಕ್ಕಾಗಿ ಎಂಬುದೂ ಒಂದು ಉತ್ತರ.

ನಾವು ಮಾಡಬಹುದಾದದ್ದು

ದೊಡ್ಡ ಯೋಜನೆಗಳು ಸರಕಾರದಿಂದಲೇ ಬರಬೇಕು. ಸ್ವಯಂಸೇವೆ ಅವುಗಳ ಬದಲಿಯಾಗಲಾರದು. ಆದರೆ ಅವು ಬರುವವರೆಗೆ, ಬಂದ ಮೇಲೂ, ಕೆಲವು ಕೆಲಸಗಳು ನಮ್ಮ ಅಳವಿನಲ್ಲಿವೆ.

ಒಂದು, ಪ್ರತಿ ವಿದ್ಯಾರ್ಥಿಯೂ ತನ್ನ ಓಣಿಯ 65 ದಾಟಿದವರ ಕಾಗದಪತ್ರಗಳನ್ನು ಓದಿ ನೋಡಬಹುದು: ಹೆಸರು ಎಲ್ಲೆಡೆ ಒಂದೇ ಇದೆಯೇ, ಆಯುಷ್ಮಾನ್ ಕಾರ್ಡು ಆಗಿದೆಯೇ, ಹಯಾತಿಯ ದಾಖಲೆ ಕೊಡಲಾಗಿದೆಯೇ ಎಂದು. ಅವಮಾನ, ಉಪೇಕ್ಷೆಗಳಿಗೆ ಒಳಗಾದ ಹಿರಿಯರಿಗಾಗಿ 14567 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆಯೆಂಬುದನ್ನು ತಿಳಿಸಬಹುದು.

ಎರಡು, ನೋವು, ಹಸಿವು, ಶೌಚ, ನಿದ್ರೆಗಳ ಕುರಿತು ನಮ್ಮ ಹಳ್ಳಿಗಳ ಹಿರಿಯರು ಬಳಸುವ ಮಾತುಗಳನ್ನು ಸಂಗ್ರಹಿಸಿ, ಮರಾಠಿ ಅರ್ಥದೊಡನೆ ಒಂದು ಚಿಕ್ಕ ಪುಸ್ತಿಕೆ ಮಾಡಿ ಉಪಕೇಂದ್ರಗಳಿಗೆ ಕೊಡಬಹುದು. ಉಪಭಾಷೆಯ ಕ್ಷೇತ್ರಕಾರ್ಯವನ್ನು ಪಠ್ಯಕ್ರಮದ ಭಾಗವಾಗಿ ಮಾಡುವವರಿಗೆ ಇದಕ್ಕಿಂತ ಸಾರ್ಥಕವಾದ ವಿಷಯ ಸಿಗಲಾರದು.

ಮೂರು, ಒಬ್ಬರು ತೀರಿಕೊಂಡ ಮೇಲೆ ಅವರ ವಾಕರ್, ಗಾಲಿಕುರ್ಚಿ, ಗಾಳಿಹಾಸಿಗೆ, ಕಮೋಡ್ ಕುರ್ಚಿಗಳು ಅಟ್ಟದ ಮೇಲೆ ಧೂಳು ತಿನ್ನುತ್ತವೆ. ಅವನ್ನು ಮಠದಲ್ಲೋ ವಾಚನಾಲಯದಲ್ಲೋ ಇರಿಸಿ, ಬೇಕಾದವರು ಒಯ್ದು ಮರಳಿಸುವಂತೆ ಮಾಡಬಹುದು. ದಾಸೋಹ ನಮಗೆ ಹೊಸದಲ್ಲ. ಪಂಕ್ತಿಗೆ ಬಂದು ಕೂರಲಾರದವರ ಮನೆಗೆ ಒಂದು ಡಬ್ಬಿ ಹೋದರೆ ಅದೂ ದಾಸೋಹವೇ.

ನಾಲ್ಕು, ಆರೈಕೆ ಮಾಡುವವರಿಗೆ ವಿಶ್ರಾಂತಿ. ಜತ್ತ ತಾಲೂಕಿನಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳಲ್ಲಿ ಅಜ್ಜ ಅಜ್ಜಿಯರೇ ಮನೆಯಲ್ಲಿ ಉಳಿದು ಒಬ್ಬರನ್ನೊಬ್ಬರು ನೋಡಿಕೊಳ್ಳುವುದುಂಟು. ಮನೆಯಲ್ಲಿ ಸೊಸೆಯಿದ್ದರೂ ಆಕೆಗೆ ವಾರಕ್ಕೊಮ್ಮೆ ಸಂತೆಗೋ, ತನ್ನದೇ ಮಂಡಿನೋವನ್ನು ತೋರಿಸಿಕೊಳ್ಳಲೋ ಹೋಗಿಬರಲು ಎರಡು ತಾಸು ಬೇಕು. ಆ ಎರಡು ತಾಸು ಅಜ್ಜಿಯ ಪಕ್ಕದಲ್ಲಿ ಕುಳಿತು ಆಕೆಯ ಮಾತನ್ನು ಕೇಳುವವರು ಸಿಕ್ಕರೆ, ಆಕೆಗೂ ಅನುಕೂಲ, ಅಜ್ಜಿಗೂ ಸಂತೋಷ. ಆ ಮಾತುಗಳಲ್ಲಿ ನಮ್ಮ ನಿಘಂಟುಗಳಿಗೆ ಸೇರದ ಪದಗಳು, ಬೀಸುವ ಕಲ್ಲಿನ ಹಾಡುಗಳು ಸಿಗಬಹುದು. ಅವು ಸಿಗದಿದ್ದರೂ ಹೋಗಬೇಕಾದದ್ದೇ.

ನಮ್ಮ ಕಲ್ಪನೆಯ ಅಜ್ಜಿ ಈಗಲೂ ಹಾಸಿಗೆಯಲ್ಲಿದ್ದಾಳೆ. ಮಗ ತಿಂಗಳಿಗೊಮ್ಮೆ ಹಣ ಕಳಿಸುತ್ತಾನೆ, 1,500 ರೂಪಾಯಿ ಪಗಾರ ಬಂದರೆ ಬರುತ್ತದೆ, ಸೊಸೆ ರಾತ್ರಿ ಎರಡು ಸಲ ಏಳುತ್ತಾಳೆ. ಆ ಮನೆಯ ಬಾಗಿಲನ್ನು ತಿಂಗಳಿಗೊಮ್ಮೆಯಾದರೂ ಒಬ್ಬ ನರ್ಸು ತಟ್ಟುವಂತಾಗಲೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಕೇಳಬಲ್ಲವರು ನಮ್ಮ ವಿದ್ಯಾರ್ಥಿಗಳೇ. ಅವರು ಕೇಳಲಿ.